‘ನಮ್ಮ ಹುಡುಗ’ ಎಂಬ ಮಾತು ಅನುವಾದದಲ್ಲಿ ಕಳೆದುಹೋಗದಿರಲಿ

ಸಂಪಾದಕರಿಗೆ,

ಮಾನ್ಯರೇ,

ಕೊರಿಯಾದ ಧಾರಾವಾಹಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಪ್ರೇಮಕಥೆಗಳಿಗೆ ಸಿಗುವಷ್ಟು ಜಾಗ ಅಲ್ಲಿನ ಪೊಲೀಸ್ ಠಾಣೆಯ ಕಥೆಗಳಿಗೆ, ಕಚೇರಿಯ ಕಥೆಗಳಿಗೆ ಸಿಗುವುದಿಲ್ಲವೆಂಬುದು ಹಳೆಯ ದೂರು. ಅದನ್ನೇ ಮತ್ತೊಮ್ಮೆ ಹೇಳಲು ಈ ಪತ್ರ ಬರೆಯುತ್ತಿಲ್ಲ. ಸಿಕ್ಕ ಜಾಗದಲ್ಲೂ ಆ ಕಥೆಗಳಿಗೆ ಜೀವವಾಗಿರುವ ಸಂಗತಿಯೊಂದು ಬಿಟ್ಟುಹೋಗುತ್ತಿದೆ ಎಂಬುದು ನನ್ನ ತಕರಾರು. ಅಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದೇ ಆ ಸಂಗತಿ.

ಕೊರಿಯಾದ ಕಚೇರಿಯಲ್ಲಿ ಮೇಲಿನವರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಮೊದಲು ಮನೆತನದ ಹೆಸರು, ಆಮೇಲೆ ಹುದ್ದೆ, ಕೊನೆಗೆ ನಮ್ಮ ‘ಅವರು’ ಇದ್ದಂತೆ ‘ನಿಮ್’ ಎಂಬ ಗೌರವದ ಬಾಲ. ಸಾವೊನ್, ದೇರಿ, ಗ್ವಾಜಂಗ್, ಛಾಜಂಗ್, ಬುಜಂಗ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಹುದ್ದೆಗಳು ಬರೀ ಹಾಜರಿ ಪುಸ್ತಕದಲ್ಲಿರುವುದಿಲ್ಲ, ದಿನವಿಡೀ ಬಾಯಲ್ಲಿರುತ್ತವೆ. 2014ರಲ್ಲಿ ಟಿವಿಎನ್ ವಾಹಿನಿಯಲ್ಲಿ 20 ಕಂತುಗಳಲ್ಲಿ ಪ್ರಸಾರವಾದ ‘ಮಿಸೆಂಗ್’ ಧಾರಾವಾಹಿಯಲ್ಲಿ ವ್ಯಾಪಾರ ಕಂಪನಿಯೊಂದರ ತಂಡದ ಮುಖ್ಯಸ್ಥ ಓ ಸಾಂಗ್ ಶಿಕ್ ಬಹುಕಾಲ ‘ಓ ಗ್ವಾಜಂಗ್-ನಿಮ್’ ಆಗಿಯೇ ಇರುತ್ತಾನೆ. ಬಡ್ತಿ ಬಂದ ಮೇಲೆ ಅದೇ ಜನ ಅವನನ್ನು ‘ಓ ಛಾಜಂಗ್-ನಿಮ್’ ಎನ್ನತೊಡಗುತ್ತಾರೆ. ವರ್ಷಗಟ್ಟಲೆ ಕಾದು ಸಿಕ್ಕ ಆ ಒಂದು ಅಕ್ಷರದ ಬದಲಾವಣೆ ಕೊರಿಯಾದ ನೋಡುಗನ ಕಿವಿಗೆ ಪ್ರತಿ ಮಾತಿನಲ್ಲೂ ತಾಗುತ್ತದೆ. ನಾನು ನೋಡಿದ ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅವನು ಬಡ್ತಿಗೆ ಮೊದಲೂ ‘ಮಿಸ್ಟರ್ ಓ’, ಅನಂತರವೂ ‘ಮಿಸ್ಟರ್ ಓ’.

ಇದು ಸಣ್ಣ ವಿಷಯವೆಂದು ತೋರಬಹುದು. ಹಾಗಲ್ಲವೆಂದು ತಿಳಿಯಲು ಅದೇ ಧಾರಾವಾಹಿಯ ಆರಂಭದ ಒಂದು ಪ್ರಸಂಗವನ್ನು ನೋಡಬೇಕು. ಕಥಾನಾಯಕ ಜಂಗ್ ಗುರೇ, ಹಲಗೆಯ ಮೇಲೆ ಕಪ್ಪು ಬಿಳಿ ಕಾಯಿಗಳನ್ನಿಟ್ಟು ಆಡುವ ಬಾದುಕ್‌ನ ವೃತ್ತಿಪರ ಆಟಗಾರನಾಗಲು ಬಾಲ್ಯವನ್ನೆಲ್ಲ ಸವೆಸಿ, ಅದರಲ್ಲಿ ಸೋತು, ಕಾಲೇಜಿನ ಮೆಟ್ಟಿಲನ್ನೂ ಹತ್ತದೆ ಶಿಫಾರಸಿನಿಂದ ಇಂಟರ್ನ್ ಆಗಿ ಬಂದವನು. ಜೊತೆಯ ಇಂಟರ್ನ್ ಒಬ್ಬನ ಅಜಾಗರೂಕತೆಯಿಂದ ಅಂಟು ಹತ್ತಿದ ಕಚೇರಿಯ ಕಾಗದವೊಂದು ಹೊರಗೆ ಬಿದ್ದು ದೊಡ್ಡ ಅಧಿಕಾರಿಯ ಕೈಗೆ ಸಿಕ್ಕಾಗ, ತಪ್ಪು ತನ್ನದಲ್ಲದಿದ್ದರೂ ಬೈಸಿಕೊಳ್ಳುವವನು ಗುರೇ. ಅವನು ಬಾಯಿ ಬಿಡುವುದಿಲ್ಲ. ಆ ರಾತ್ರಿ ಕುಡಿದು ತೂರಾಡುತ್ತಿದ್ದ ಓ, ಎದುರಾದ ಇನ್ನೊಂದು ತಂಡದ ಮುಖ್ಯಸ್ಥನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ಅಂಟು ಮೆತ್ತಿದವನು ನಿಮ್ಮ ಹುಡುಗ, ಬೈಸಿಕೊಂಡವನು ನಮ್ಮ ಹುಡುಗ. ಪಕ್ಕದಲ್ಲಿ ನಿಂತಿದ್ದ ಗುರೇ ಆ ‘ನಮ್ಮ’ ಎಂಬುದನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತಾ ಹೋಗುತ್ತಾನೆ. ಕೊರಿಯನ್ ಭಾಷೆಯ ‘ಉರಿ ಏ’ ಎಂಬ ಈ ಎರಡು ಪದಕ್ಕೆ ಕನ್ನಡದ ‘ನಮ್ಮ ಹುಡುಗ’ ಎಷ್ಟು ಸರಿಹೊಂದುತ್ತದೆಂದರೆ, ಇಂಗ್ಲಿಷಿನ ದಾರಿ ಸುತ್ತಿ ಬರುವ ಅಗತ್ಯವೇ ಇಲ್ಲ. ಅಧಿಕಾರವೂ ಅಕ್ಕರೆಯೂ ಒಂದೇ ಮಾತಿನಲ್ಲಿ ಬೆರೆತಿರುವುದು ಎರಡೂ ಭಾಷೆಗಳಿಗೆ ಗೊತ್ತು.

ಆದರೆ ಆ ‘ನಮ್ಮ’ ಎಂಬ ಮಾತು ಕಾಗದದ ಮೇಲೆ ನಿಲ್ಲುವುದಿಲ್ಲ. ಧಾರಾವಾಹಿಯ ಉಳಿದ ಭಾಗವೆಲ್ಲ ಇದರ ಕಥೆಯೇ. ‘ಮಿಸೆಂಗ್’ ಎಂಬುದು ಬಾದುಕ್ ಆಟದ ಪದ. ಹಲಗೆಯ ಮೇಲೆ ಇನ್ನೂ ಪೂರ್ತಿ ಜೀವ ಪಡೆಯದ, ಸಾಯಲೂಬಹುದಾದ ಕಾಯಿಗಳ ಸ್ಥಿತಿ. ಗುರೇ ಗುತ್ತಿಗೆ ನೌಕರ. ಹಬ್ಬಕ್ಕೆ ಕಂಪನಿ ಉಡುಗೊರೆ ಹಂಚುವಾಗ ಕಾಯಂ ನೌಕರರಿಗೆ ಹ್ಯಾಮ್ ಡಬ್ಬಿಗಳ ಪೆಟ್ಟಿಗೆ, ಗುತ್ತಿಗೆಯವರಿಗೆ ಅಡುಗೆ ಎಣ್ಣೆಯ ಪೆಟ್ಟಿಗೆ. ಯಾರೂ ಒಂದು ಕೆಟ್ಟ ಮಾತನ್ನೂ ಆಡಿರುವುದಿಲ್ಲ. ಕೊರಿಯಾದಲ್ಲಿ 2007ರಿಂದ ಜಾರಿಯಲ್ಲಿರುವ ಕಾನೂನಿನಂತೆ ಗುತ್ತಿಗೆಯಲ್ಲಿ 2 ವರ್ಷ ದಾಟಿದವರನ್ನು ಕಾಯಂ ನೌಕರರೆಂದೇ ಭಾವಿಸಬೇಕು. ಆದ್ದರಿಂದ 2 ವರ್ಷ ತುಂಬುವ ಹೊತ್ತಿಗೇ ಕೈಬಿಡುವ ಕಂಪನಿಗಳೂ ಇವೆ. ಧಾರಾವಾಹಿ ಮುಗಿದ ಕೆಲವೇ ದಿನಗಳಲ್ಲಿ, 2014ರ ಡಿಸೆಂಬರಿನಲ್ಲಿ, ಅಲ್ಲಿನ ಸರ್ಕಾರ ಈ ಅವಧಿಯನ್ನು 35 ವರ್ಷ ದಾಟಿದವರ ಮಟ್ಟಿಗೆ 4 ವರ್ಷಕ್ಕೆ ಹಿಗ್ಗಿಸುವ ಪ್ರಸ್ತಾವ ಮುಂದಿಟ್ಟಾಗ ಅದಕ್ಕೆ ‘ಜಂಗ್ ಗುರೇ ಕಾನೂನು’ ಎಂಬ ಹೆಸರು ಅಂಟಿತು. ಕಾರ್ಮಿಕ ಸಂಘಟನೆಗಳು ತಿರುಗಿಬಿದ್ದವು. ಧಾರಾವಾಹಿಗೆ ಮೂಲವಾದ ವೆಬ್‌ಟೂನ್ (ಅಂತರ್ಜಾಲದಲ್ಲಿ ಬರುವ ಚಿತ್ರಕಥೆ) ಬರೆದ ಯೂನ್ ಟೇ ಹೊ ಕೂಡ ಅದನ್ನು ಒಪ್ಪಲಿಲ್ಲ. ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಗುರೇಗೆ ತನ್ನ ಹೆಸರಿನ ಆ ಕಾನೂನು ಅನ್ವಯವೇ ಆಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಪೊಲೀಸ್ ಕಥೆಗಳಲ್ಲೂ ಇದೇ ಜಾಡು. 2018ರ ‘ಲೈವ್’ ಧಾರಾವಾಹಿಯನ್ನು ಅಪರಾಧ ಕಥೆಯೆಂದು ಪರಿಚಯಿಸಿದ್ದನ್ನು ಓದಿದ್ದೇನೆ. ಅದು ನಿಜವಾಗಿ ಕೆಲಸ ಹುಡುಕಿ ಸೋತವರ ಕಥೆ. ಹಾನ್ ಜಂಗ್ ಓ ಹೆಣ್ಣೆಂಬ ಕಾರಣಕ್ಕೆ ಸಂದರ್ಶನಗಳಲ್ಲಿ ಹಿಂದೆ ಬಿದ್ದವಳು. ಯೊಮ್ ಸಾಂಗ್ ಸು ಇಂಟರ್ನ್ ಆಗಿದ್ದ ಕಂಪನಿ ಅವನಿಗೆ ಮೋಸಮಾಡಿರುತ್ತದೆ. ಇಬ್ಬರೂ ಪೊಲೀಸ್ ಪರೀಕ್ಷೆ ಕಟ್ಟುವುದು ಸಮಾಜಸೇವೆಯ ಹುಮ್ಮಸ್ಸಿನಿಂದಲ್ಲ, ಕಿತ್ತುಕೊಳ್ಳಲಾಗದ ನೌಕರಿ ಬೇಕೆಂದು. ಸೋಲ್ ನಗರದ ನೊರ್ಯಾಂಗ್‌ಜಿನ್‌ನಲ್ಲಿ ಕಿರಿದಾದ ಕೋಣೆಗಳಲ್ಲಿದ್ದು ಸರ್ಕಾರಿ ಪರೀಕ್ಷೆಗಳಿಗೆ ಓದುವ ಯುವಜನರ ಆಸೆಯೂ ಇದೇ. ಗಸ್ತು ಠಾಣೆ ಸೇರಿದ ಮೇಲೆ ಅವರ ಪಾಲಿಗೆ ಬರುವುದು ಕುಡುಕರ ಜಗಳ, ಗಸ್ತು ಕಾರಿನಲ್ಲಿ ಅವರು ಮಾಡಿದ ವಾಂತಿ, 112ಕ್ಕೆ ಬರುವ ಕರೆಗಳು.

ಇಲ್ಲಿ ಬಾಯಲ್ಲಿ ಓಡಾಡುವ ಪದ ‘ಸಾಸು’. ಹೊಸಬನನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸುವ ಹಿರಿಯ ಸಾಸು, ಕಲಿಯುವವನು ‘ಬುಸಾಸು’. ಇದು ಸೈನ್ಯದ ಮಾತು. ಮೂಲದಲ್ಲಿ ಸಾಸು ಎಂದರೆ ಬಂದೂಕು ಹಾರಿಸುವವನು, ಬುಸಾಸು ಅವನ ಸಹಾಯಕ. ಗಂಡಸರೆಲ್ಲ ಕಡ್ಡಾಯವಾಗಿ ಸೈನ್ಯದಲ್ಲಿ ದುಡಿದು ಬರುವ ದೇಶದಲ್ಲಿ ಅದು ಬ್ಯಾರಕ್ಕಿನಿಂದ ಕಚೇರಿಗೂ ಠಾಣೆಗೂ ಬಂದು ಸೇರಿದೆ. ‘ಲೈವ್’ ನೋಡಿಲ್ಲದವರು ಮುಂದಿನ ವಾಕ್ಯವನ್ನು ಬಿಟ್ಟುಬಿಡಬಹುದು: ಕೊನೆಯ ಕಂತುಗಳಲ್ಲಿ, ಇರಿತಕ್ಕೊಳಗಾದ ತನ್ನ ಸಾಸು ಓ ಯಾಂಗ್ ಚೊನ್‌ನನ್ನು ಉಳಿಸಲು ಗುಂಡು ಹಾರಿಸುವವನು ಬುಸಾಸು ಸಾಂಗ್ ಸು, ಮತ್ತು ಆ ಗುಂಡಿಗಾಗಿ ಶಿಸ್ತು ಸಮಿತಿಯ ಮುಂದೆ ಉತ್ತರ ಹೇಳಬೇಕಾದವನೂ ಅವನೇ. ಸಬ್‌ಟೈಟಲ್‌ನಲ್ಲಿ ಸಾಸು ‘ಪಾರ್ಟ್ನರ್’ ಆಗಿಬಿಟ್ಟರೆ ಈ ತಿರುವಿನ ಅರ್ಧ ತೂಕ ಹೋಯಿತು. ಪಾರ್ಟ್ನರ್ ಎಂದರೆ ಸರಿಸಮಾನ. ಇಲ್ಲಿ ಯಾರೂ ಸರಿಸಮಾನರಲ್ಲ.

ಪೊಲೀಸರ ಏಣಿಶ್ರೇಣಿ ಠಾಣೆಯೊಳಗಿನ ಸಮಾಚಾರವಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 2016ರ ‘ಸಿಗ್ನಲ್’ ಹಳೆಯ, ಬಗೆಹರಿಯದ ಪ್ರಕರಣಗಳ ಕಥೆ. ಅದರ ಹಿಂದಿನ ಸ್ಫೂರ್ತಿಗಳಲ್ಲಿ 1986ರಿಂದ 1991ರವರೆಗೆ ಹ್ವಾಸೊಂಗ್‌ನಲ್ಲಿ ನಡೆದ ಸರಣಿ ಕೊಲೆಗಳೂ ಸೇರಿವೆ. 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿಜವಾದ ಕೊಲೆಗಾರ ಯಾರೆಂದು ಗೊತ್ತಾಯಿತು. ಕೊಲೆ ಮೊಕದ್ದಮೆಗಿದ್ದ ಕಾಲಮಿತಿಯನ್ನು ಕೊರಿಯಾ 2015ರಲ್ಲಿ ರದ್ದುಮಾಡಿತ್ತಾದರೂ, ಹ್ವಾಸೊಂಗ್ ಕೊಲೆಗಳ ಅವಧಿ ಅದಕ್ಕೆ ಮೊದಲೇ ತೀರಿಹೋಗಿತ್ತು. ಆ ಕೊಲೆಗಳಲ್ಲೊಂದಕ್ಕಾಗಿ ಸುಮಾರು 20 ವರ್ಷ ಜೈಲಿನಲ್ಲಿದ್ದು ಬಂದ ಬೇರೊಬ್ಬ ಮನುಷ್ಯನನ್ನು 2020ರ ಡಿಸೆಂಬರಿನಲ್ಲಿ ನ್ಯಾಯಾಲಯ ನಿರ್ದೋಷಿಯೆಂದಿತು. ಅವನನ್ನು ಹಿಡಿದದ್ದಕ್ಕೆ ಪೊಲೀಸರಿಗೆ ವಿಶೇಷ ಬಡ್ತಿ ಸಿಕ್ಕಿತ್ತು. ಅಂದರೆ ಅವರನ್ನು ಕರೆಯುವ ಹೆಸರು ಒಂದು ಮೆಟ್ಟಿಲು ಮೇಲೇರಿತ್ತು.

ಹುದ್ದೆಯ ಹೆಸರುಗಳನ್ನು ಹಾಗೆಯೇ ಉಳಿಸಿದರೆ ನೋಡುಗರಿಗೆ ಗೊಂದಲವಾಗುತ್ತದೆ ಎಂದು ಅನುವಾದಕರು ಹೇಳಬಹುದು. ಮೊದಲೆರಡು ಕಂತುಗಳಲ್ಲಿ ಆಗುತ್ತದೆ, ನನಗೂ ಆಗಿತ್ತು. ಮೂರನೆಯ ಕಂತಿನ ಹೊತ್ತಿಗೆ ಗ್ವಾಜಂಗ್ ಯಾರು, ದೇರಿ ಯಾರು ಎಂಬುದನ್ನು ಅವರ ಬೆನ್ನು ಬಾಗುವ ರೀತಿಯೇ ಹೇಳಿಕೊಡುತ್ತದೆ. ಓದುವ ವೇಗಕ್ಕೆ ಅಡ್ಡಿ ಎಂಬ ವಾದವನ್ನು ಒಪ್ಪುತ್ತೇನೆ. ಪರದೆಯ ಮೇಲೆ ಒಂದು ಸಾಲಿಗೆ ಸಿಗುವುದು ಕೆಲವೇ ಕ್ಷಣ. ಹಾಗಿದ್ದಲ್ಲಿ ಕಡೇಪಕ್ಷ ಏಕವಚನ ಬಹುವಚನಗಳನ್ನಾದರೂ ಮೂಲದಂತೆ ಇಡಬಹುದಲ್ಲ? ಇಂಗ್ಲಿಷಿಗೆ ಇಲ್ಲದ ಈ ಸೌಕರ್ಯ ಕನ್ನಡಕ್ಕಿದೆ. ಕನ್ನಡಕ್ಕೆ ಡಬ್ ಮಾಡುವವರೂ ಸಬ್‌ಟೈಟಲ್ ಬರೆಯುವವರೂ ಇಂಗ್ಲಿಷ್ ಪಠ್ಯವನ್ನು ಮುಂದಿಟ್ಟುಕೊಳ್ಳದೆ ಕೊರಿಯನ್ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಧಾರಾವಾಹಿಗಳ ಬಗ್ಗೆ ಬರೆಯುವವರು ಪಾತ್ರಗಳ ಹೆಸರಿನ ಜೊತೆಗೆ ಅವರ ಹುದ್ದೆಯನ್ನೂ ಒಂದು ಮಾತಿನಲ್ಲಿ ತಿಳಿಸಲಿ. ಹಾಗಾದಾಗ ಕುಡಿದ ಓ ಗ್ವಾಜಂಗ್ ಬೀದಿಯಲ್ಲಿ ನಿಂತು ಕೂಗುವ ಆ ಮಾತು ‘ನನ್ನ ಸಿಬ್ಬಂದಿ’ ಆಗದೆ ‘ನಮ್ಮ ಹುಡುಗ’ ಆಗಿಯೇ ನಮ್ಮನ್ನು ತಲುಪೀತು.

ಇತಿ,
ಒಬ್ಬ ಓದುಗ