ರಿಯಾಯಿತಿ ಇಳಿಸಿರುವ ಕುರಿತು ನಮ್ಮ ಓದುಗ ಗ್ರಾಹಕರಿಗೆ

ಆತ್ಮೀಯರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರ ಸಂಘದ ಕೊಪ್ಪಳದ ಮಳಿಗೆಯಲ್ಲಿ, ಮಕ್ಕಳ ಪುಸ್ತಕ ಬಿಟ್ಟು ಉಳಿದ ಪುಸ್ತಕಗಳ ಮೇಲಿನ ರಿಯಾಯಿತಿ ಶೇ 20ರ ಬದಲು ಶೇ 10 ಆಗಲಿದೆ. ಅಂಚೆಯಲ್ಲಿ ತರಿಸಿಕೊಳ್ಳುವವರು ಅಂಚೆ ವೆಚ್ಚವನ್ನೂ ಕೊಡಬೇಕಾಗುತ್ತದೆ. ತಿಂಗಳ ಖರ್ಚಿನಲ್ಲಿ ಉಳಿಸಿ ಪುಸ್ತಕ ಕೊಳ್ಳುವ ಮೇಷ್ಟ್ರುಗಳು, ಪರೀಕ್ಷೆಗೆ ಓದುವ ಹುಡುಗರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಇದು ಹೊರೆಯೆಂದು ಗೊತ್ತು, ಕ್ಷಮೆ ಕೇಳುತ್ತೇವೆ.

ಆದರೆ ಸಂಘದವರಿಗೆ ಲಾಭದ ಆಸೆ ಹುಟ್ಟಿತು ಎಂಬ ಮಾತನ್ನು ಒಪ್ಪಲಾರೆವು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ನಿಜ. ನಾವು ಪುಸ್ತಕ ಅಚ್ಚು ಹಾಕಲು ಕೊಳ್ಳುವ ಕಾಗದಕ್ಕೆ ಇದೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 12ರಿಂದ 18ಕ್ಕೆ ಏರಿದೆ. ಮಾರುವಾಗ ತೆರಿಗೆ ಇಲ್ಲದ ಕಾರಣ, ಕೊಳ್ಳುವಾಗ ಕಟ್ಟಿದ್ದು ನಮಗೆ ವಾಪಸ್ ಬರುವುದಿಲ್ಲ. ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲೇ ನಿಂತಿತು. 2025ರ ಮೇ ತಿಂಗಳಿನಿಂದ ಪುಸ್ತಕಗಳಿಗೆಂದು ಬಂದಿರುವ ಜ್ಞಾನ ಪೋಸ್ಟ್ ಎಂಬ ಅಂಚೆ ಸೇವೆಯಲ್ಲಿ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ಅದರ ಮೇಲೆ ತೆರಿಗೆ. ಅದಕ್ಕೆ ಹೊಂದುವ ಪುಸ್ತಕಗಳನ್ನು ಅದರಲ್ಲೇ ಕಳಿಸುತ್ತೇವೆ, ರಸೀದಿಯಲ್ಲಿ ಇದ್ದಷ್ಟೇ ಪಡೆಯುತ್ತೇವೆ.

ನಮ್ಮ ಸಂಘ ಪ್ರತಿ ಶನಿವಾರ ಹಾಸ್ಟೆಲ್ ಮಕ್ಕಳಿಗೆ ಕಥೆ ಹೇಳಿಸುತ್ತದೆ, ಗೊಂಬೆಯಾಟ ಆಡಿಸುತ್ತದೆ; ಹಾಗೆ ಬರುವವರಿಗೆ ನಮ್ಮ ಕಥಾ ನಿಧಿಯಿಂದ ಸಂಭಾವನೆ ಕೊಡುತ್ತೇವೆ. ಆ ಬಗ್ಗೆ ಎಲ್ಲರೂ ಕೇಳುತ್ತಿರುವ ಮಾತು: "ಹಾಸ್ಟೆಲ್ ಮಕ್ಕಳಿಗೆ ಕಥೆ ಹೇಳೋಕೆ ದುಡ್ಡು ಯಾಕೆ ಕೊಡ್ತೀರಿ? ಪುಗಸಟ್ಟೆ ಹೇಳೋರು ಬೇಕಾದಷ್ಟು ಜನ ಸಿಗ್ತಾರಲ್ಲ! ಅದನ್ನು ನಿಲ್ಲಿಸಿದರೆ ರಿಯಾಯಿತಿ ಉಳಿಯುತ್ತೆ."

ಉಳಿಯುತ್ತದೆ, ಹೌದು. ಆದರೂ ನಿಲ್ಲಿಸುವುದಿಲ್ಲ. ಅಪ್ಪ ಅವ್ವ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋದಾಗ ಹಾಸ್ಟೆಲಿನಲ್ಲಿ ಉಳಿಯುವ ಮಕ್ಕಳು ಇವರು. ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿ; ತರಗತಿಯಲ್ಲಿ ಬಾಯಿ ಬಿಡದ ಆ ಮಗು ಪರದೆಯ ಹಿಂದೆ ಗೊಂಬೆ ಹಿಡಿದರೆ ಕನ್ನಡದಲ್ಲಿ ಜಗಳವನ್ನೇ ಆಡುತ್ತದೆ. ಕೇಳಿದ ಕಥೆಯನ್ನು ಮಕ್ಕಳು ತಮ್ಮ ಮಾತಿನಲ್ಲಿ ತಿರುಗಿ ಹೇಳುತ್ತಾರೆ, ಚಿತ್ರ ಬರೆಯುತ್ತಾರೆ, ಕೊನೆಗೆ ಹಾಳೆ ಹೊಲಿದು ತಮ್ಮದೇ ಪುಸ್ತಕ ಮಾಡುತ್ತಾರೆ. ಇದೆಲ್ಲ ಒಂದು ದಿನ ಬಂದು ಫೋಟೊ ತೆಗೆಸಿಕೊಂಡು ಹೋಗುವವರಿಂದ ಆಗುವ ಕೆಲಸವಲ್ಲ. ಪ್ರತಿ ಶನಿವಾರ ಅದೇ ಮುಖ ಕಾಣಿಸಬೇಕು, ಆಗಲೇ ಮಕ್ಕಳು ನಂಬುತ್ತಾರೆ. ಹಾಗೆ ಬರುವವರು ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ. ಶಕ್ತಿ ಯೋಜನೆಯಿಂದ ಕಥೆ ಹೇಳುವ ಅಕ್ಕಂದಿರ ಬಸ್ ಚಾರ್ಜು ಉಳಿದಿದೆ. ಗೊಂಬೆ ಪೆಟ್ಟಿಗೆ, ಪರದೆ, ಹಾರ್ಮೋನಿಯಂ ಸಾಗಿಸಲು ಟಂಟಂ ಬಾಡಿಗೆ ಕೊಡಲೇಬೇಕು.

ನಮ್ಮ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಆಟದ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನೀವೂ ನಾವೂ ಹೆಮ್ಮೆಪಟ್ಟೆವು. ಅದೇ ತೊಗಲುಗೊಂಬೆಯ ಇನ್ನೊಬ್ಬ ಕಲಾವಿದರು ಹಾಸ್ಟೆಲಿಗೆ ಬಂದು ಆಟ ಆಡಿಸಿದರೆ ಸಂಭಾವನೆ ಕೊಡಲು ಹಿಂದೆಮುಂದೆ ನೋಡುವುದು ಯಾವ ನ್ಯಾಯ?

ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣ ಕೇಳಿ ಎಂದು ಕೆಲವರು ಪ್ರೀತಿಯಿಂದಲೇ ಹೇಳಿದ್ದಾರೆ. ಆ ಹಣ ಪಡೆದು ಕೆಲಸ ಮಾಡುವ ಸಂಘ, ಟ್ರಸ್ಟ್‌ಗಳಿಗೆ ಆದಾಯ ತೆರಿಗೆ ಕಾಯ್ದೆಯಡಿ ಧರ್ಮಾರ್ಥ ಸಂಸ್ಥೆಗಳಿಗೆ ಕೊಡುವ ನೋಂದಣಿ ಇರಬೇಕು. ಸದಸ್ಯರಿಗೆ ಲಾಭಾಂಶ ಹಂಚುವ ನಮ್ಮಂಥ ಸಹಕಾರ ಸಂಘಕ್ಕೆ ಅದು ಸಿಗದು. ಹಾಗಾಗಿ ನಮ್ಮ ಮಳಿಗೆಯ ಗಲ್ಲಾಪೆಟ್ಟಿಗೆಯೇ ಈ ಮಕ್ಕಳಿಗೆ ದಿಕ್ಕು.

ಕಾಗದ, ಅಚ್ಚಿನ ಹೆಚ್ಚುವರಿ ಖರ್ಚು ಕಳೆದು, ರಿಯಾಯಿತಿಯಲ್ಲಿ ಉಳಿಯುವ ಹಣವೆಲ್ಲ ಕಥಾ ನಿಧಿಗೇ ಹೋಗುತ್ತದೆ. ಅದರ ಲೆಕ್ಕದ ಪುಸ್ತಕ ಕೌಂಟರಿನಲ್ಲೇ ಇರುತ್ತದೆ. ಸದಸ್ಯರಲ್ಲದವರೂ ತೆರೆದು ನೋಡಬಹುದು. ಈ ತಿಂಗಳ ಕೊನೆಯವರೆಗೆ ಬರುವ ಆರ್ಡರ್‌ಗಳಿಗೆ ಹಳೆಯ ರಿಯಾಯಿತಿಯೇ ಅನ್ವಯ. ಮಕ್ಕಳ ಪುಸ್ತಕಗಳ ಮೇಲೆ ಶೇ 20 ಹಾಗೆಯೇ ಮುಂದುವರಿಯಲಿದೆ, ಅದನ್ನು ಮುಟ್ಟುವುದಿಲ್ಲ. ಶನಿವಾರ ಹಾಸ್ಟೆಲಿಗೆ ಬಂದು ನೋಡಬೇಕೆನ್ನುವವರು ಬುಧವಾರದೊಳಗೆ ಮಳಿಗೆಗೆ ಹೆಸರು ಕೊಡಿ. ವಾರ್ಡನ್ ಅವರ ಅನುಮತಿ ನಾವು ಪಡೆದಿರುತ್ತೇವೆ.

ನಿಮ್ಮವ,
ಕಾರ್ಯದರ್ಶಿ
(ಸಂಘದ ಎಲ್ಲ ಸದಸ್ಯರ ಪರವಾಗಿ)