ಜೋನ್‌ಳ ಪ್ರೇಮಕ್ಕೆ ಮುಂಚೆ ಅವಳ ಆಸ್ತಿಪತ್ರ

ಪ್ರಿಯ ತಂಗಿ,

ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡನ ಮಗಳು ಜೋನ್ ಆಫ್ ಏಕರ್ ಬಗ್ಗೆ ನೀನು ಬರೆಯುತ್ತಿರುವ ಕಾದಂಬರಿಯ ಕರಡು ಓದಿದೆ. ಭಾಷೆಯಲ್ಲಿ ಕಸುವಿದೆ. ಆದರೆ 1297ರ ಗುಟ್ಟಿನ ಮದುವೆಯಿಂದಲೇ ಕಥೆ ಶುರು ಮಾಡಿದ್ದೀಯಲ್ಲ, ಎಡವಟ್ಟಾಗಿರುವುದು ಅಲ್ಲೇ. ವಿಧವೆ ಮಗಳು ಮನೆಯ ಸೇವೆಯಲ್ಲಿದ್ದ ಸ್ಕ್ವೈರ್ (ನೈಟ್‌ಗಿಂತ ಕೆಳದರ್ಜೆಯ ಯೋಧ) ಒಬ್ಬನನ್ನು ಕಟ್ಟಿಕೊಂಡಳು, ಅಪ್ಪ ಕೆಂಡವಾದ. ಇಷ್ಟೇ ಆದರೆ ಯಾವ ಊರಲ್ಲಾದರೂ ನಡೆಯುವ ಸಂಗತಿ. ಎಡ್ವರ್ಡನ ಸಿಟ್ಟಿನ ಹಿಂದೆ ಬೇರೆ ಲೆಕ್ಕವಿತ್ತು.

1290ರ ಏಪ್ರಿಲ್ 30ರಂದು ಜೋನ್‌ಗೂ ಗ್ಲಾಸ್ಟರ್‌ನ ಅರ್ಲ್ (ದೊರೆಯ ಕೈಕೆಳಗಿನ ದೊಡ್ಡ ಸಾಮಂತ) ಗಿಲ್ಬರ್ಟ್ ಡಿ ಕ್ಲೇರ್‌ಗೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮದುವೆಯಾಯಿತು. ಅವಳಿಗೆ 18, ಅವನಿಗೆ 46. ಈ ಸಂಬಂಧದ ಕರಾರಿನಂತೆ ಗಿಲ್ಬರ್ಟ್ ತನ್ನ ಜಮೀನನ್ನೆಲ್ಲ ದೊರೆಗೆ ಒಪ್ಪಿಸಿದ. ದೊರೆ ಅದನ್ನು ಗಂಡ ಹೆಂಡಿರ ಜಂಟಿ ಹೆಸರಿಗೆ ತಿರುಗಿ ಬರೆದುಕೊಟ್ಟ. ಗಿಲ್ಬರ್ಟನ ಮೊದಲ ಹೆಂಡತಿಯ ಇಬ್ಬರು ಹೆಣ್ಣುಮಕ್ಕಳಿಗೆ ಪಾಲು ತಪ್ಪಿತು. (ಅವರಿಗೂ ನಿನ್ನ ಕಥೆಯಲ್ಲಿ ಒಂದು ಪುಟ ಕೊಡು.) ಸಾಧಾರಣವಾಗಿ ವಿಧವೆಗೆ ಸಿಗುತ್ತಿದ್ದುದು ಗಂಡನ ಜಮೀನಿನ ಮೂರನೇ ಒಂದು ಭಾಗ, ಅದೂ ಅವಳ ಜೀವಮಾನದ ತನಕ. ಈ ಪತ್ರದ ದೆಸೆಯಿಂದ, 1295ರ ಡಿಸೆಂಬರ್‌ನಲ್ಲಿ ಗಿಲ್ಬರ್ಟ್ ತೀರಿಕೊಂಡಾಗ ಇಡೀ ಆಸ್ತಿ ಜೋನ್ ಕೈಗೆ ಬಂತು. ವಯಸ್ಸು 23, ನಾಲ್ಕು ಮಕ್ಕಳು, ವೇಲ್ಸ್‌ನ ಗ್ಲಾಮೋರ್ಗನ್‌ನಿಂದ ಸಫೋಕ್‌ನ ಕ್ಲೇರ್‌ವರೆಗೆ ಹರಡಿದ ಜಮೀನು. ಇಂಥ ಹೆಣ್ಣನ್ನು ಕೈಹಿಡಿದವನಿಗೆ ಅದೆಲ್ಲವೂ ಕೈಸೇರುತ್ತದೆ.

ಅದಕ್ಕೇ, ದೊರೆಯಿಂದ ನೇರವಾಗಿ ಜಮೀನು ಪಡೆದವನ ವಿಧವೆ ದೊರೆಯ ಅಪ್ಪಣೆಯಿಲ್ಲದೆ ಮರುಮದುವೆಯಾಗುವಂತಿರಲಿಲ್ಲ. ಎಡ್ವರ್ಡ್ ಅವಳನ್ನು ಸವಾಯ್‌ನ ಕೌಂಟ್ ಐದನೇ ಅಮೆಡಿಯಸ್‌ಗೆ ಕೊಡಲು ಹೊರಟಿದ್ದ. ಆದರೆ ಮದುವೆ ಸಿಂಧುವೋ ಅಲ್ಲವೋ ಎಂದು ಹೇಳುವುದು ಚರ್ಚಿನ ಕಾನೂನು. ಅದರ ಪ್ರಕಾರ ವಯಸ್ಸಿಗೆ ಬಂದ ಗಂಡು ಹೆಣ್ಣು ‘ಈಗಲೇ ನಿನ್ನನ್ನು ವರಿಸಿದ್ದೇನೆ’ ಎಂದು ಪರಸ್ಪರ ಒಪ್ಪಿ ನುಡಿದರೆ ಮುಗಿಯಿತು. ಪಾದ್ರಿ ಇರಲೇಬೇಕೆಂದಿಲ್ಲ, ಅಪ್ಪನ ಒಪ್ಪಿಗೆಯೂ ಬೇಕಿಲ್ಲ. ಹಾಗಾಗಿ ದೊರೆಗೆ ಆ ಗುಟ್ಟಿನ ಮದುವೆ ಮುರಿಯಲಾಗಲಿಲ್ಲ. ಜಮೀನು ಜಪ್ತಿ ಮಾಡಿದ, ಅಳಿಯನಾದ ಆ ಸ್ಕ್ವೈರ್ ರಾಲ್ಫ್ ಡಿ ಮಾಂಥರ್ಮರ್‌ನನ್ನು ಬ್ರಿಸ್ಟಲ್ ಕೋಟೆಯಲ್ಲಿ ಕೂಡಿಹಾಕಿದ. ಎರಡು ಕಾನೂನುಗಳ ನಡುವಿನ ಈ ಸಂದಿನಲ್ಲಿ ನಿನ್ನ ನಾಯಕಿ ನುಸುಳಿಕೊಂಡಿದ್ದಾಳೆ. ಕರಡಿನಲ್ಲಿರುವ ಚರ್ಚಿನ ಗಂಟೆ, ಹೂಮಾಲೆ ಎಲ್ಲ ತೆಗೆದುಹಾಕು. ಒಂದು ಕೋಣೆ, ಎರಡು ಮಾತು ಸಾಕು.

ಮಗಳ ಕಣ್ಣೀರಿಗೆ ಅಪ್ಪ ಕರಗಿದ ಎಂದು ಬರೆದಿದ್ದೀ. ಸೆರೆಯಿಂದ ಬಿಡುಗಡೆಯಾದ ರಾಲ್ಫ್ ದೊರೆಗೆ ಮಂಡಿಯೂರಿ ನಿಷ್ಠೆ ನುಡಿದದ್ದು 1297ರ ಆಗಸ್ಟ್‌ನಲ್ಲಿ. ಅದೇ ತಿಂಗಳು ಎಡ್ವರ್ಡ್ ಫ್ಲಾಂಡರ್ಸ್‌ಗೆ ದಂಡೆತ್ತಿ ಹೊರಟ. ನಾರ್ಫೋಕ್, ಹೆರಫರ್ಡ್ ಅರ್ಲ್‌ಗಳು ಬರುವುದಿಲ್ಲವೆಂದು ತಿರುಗಿಬಿದ್ದಿದ್ದರು. ಅಂಥ ಹೊತ್ತಿನಲ್ಲಿ ಗ್ಲಾಸ್ಟರ್‌ನ ದಂಡು ಯಾರಿಗೆ ಬೇಡ? ನನಗಂತೂ ಕಣ್ಣೀರಿಗಿಂತ ಇದೇ ನಂಬುವಂತೆ ಕಾಣುತ್ತದೆ.

ತಾರೀಖಿನ ವಿಷಯದಲ್ಲಿ ಹುಷಾರು. ಆಗ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ, ಆದ್ದರಿಂದ ನಮ್ಮ 1297ರ ಜನವರಿ ಅವರಿಗೆ 1296. ದಾಖಲೆಗಳಲ್ಲಿ ಹೆಚ್ಚಾಗಿ ಸಿಗುವುದು ಆಳ್ವಿಕೆಯ ವರ್ಷ, ಅಂದರೆ ದೊರೆಯ ಆಳ್ವಿಕೆ ಶುರುವಾದ ದಿನದಿಂದ ಎಣಿಸುವ ವರ್ಷ. ಎಡ್ವರ್ಡನದು ನವೆಂಬರ್ 20ರಿಂದ ಶುರು. ಅವನ 25ನೇ ವರ್ಷವೆಂದರೆ 1296ರ ನವೆಂಬರ್ 20ರಿಂದ 1297ರ ನವೆಂಬರ್ 19. ಮೊದಲು ಒಂದು ಹಾಳೆಯಲ್ಲಿ ಎರಡೂ ಲೆಕ್ಕ ಪಕ್ಕಪಕ್ಕ ಬರೆದುಕೊಂಡು, ಆಮೇಲೆ ಅಧ್ಯಾಯ ಜೋಡಿಸು. ಇಲ್ಲದಿದ್ದರೆ ಮದುವೆಗೆ ಮುಂಚೆಯೇ ಗಂಡ ಜೈಲಿಗೆ ಹೋಗಿರುತ್ತಾನೆ!

ಎರಡನೇ ಅಧ್ಯಾಯದಲ್ಲಿ ಜೋನ್ ನೂರು ಪೌಂಡಿನ ಚಿನ್ನದ ನಾಣ್ಯದ ಚೀಲವನ್ನು ದೂತನತ್ತ ಎಸೆಯುತ್ತಾಳೆ. ಅವಳ ಕಾಲದಲ್ಲಿ ಇಂಗ್ಲೆಂಡಿನ ಚಲಾವಣೆಯ ನಾಣ್ಯ ಬೆಳ್ಳಿಯ ಪೆನ್ನಿ, ಅದರ ಅರ್ಧ, ಕಾಲು. ಪೌಂಡ್ ಬರೀ ಲೆಕ್ಕದ ಹೆಸರು. ಪೌಂಡಿಗೆ 240 ಪೆನ್ನಿಯಂತೆ ನೂರು ಪೌಂಡಿಗೆ 24,000 ಪೆನ್ನಿ, ತೂಕ ಸುಮಾರು 34 ಕಿಲೋ. ಎಸೆದರೆ ದೂತ ಉಳಿಯುವುದಿಲ್ಲ. ಹೇರುಕುದುರೆ ತರಿಸು.

ಅಂತಃಪುರವನ್ನೂ ಬಿಡು. ಅಲ್ಲಿನ ಅರ್ಲ್ ಮನೆಯಲ್ಲಿ ಅಡುಗೆಯವರಿಂದ ಲೆಕ್ಕದವರ ತನಕ ಹೆಚ್ಚುಕಡಿಮೆ ಎಲ್ಲರೂ ಗಂಡಸರೇ, ಅವರ ನಡುವೆಯೇ ಒಡತಿಯ ಓಡಾಟ. ಊಟದಲ್ಲಿ ಆಲೂಗಡ್ಡೆ, ಟೊಮೆಟೊ ಬೇಡ, ಅವು ಆಗಿನ್ನೂ ಅಲ್ಲಿಗೆ ಬಂದಿರಲಿಲ್ಲ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲೂ ಇಲ್ಲ, ಬಾದಾಮಿ ಹಾಲು ಇಡು.

ಕಾದಂಬರಿಯನ್ನು ಜೋನ್ ಸಾವಿಗೆ ನಿಲ್ಲಿಸಬೇಡ. 1307ರ ಏಪ್ರಿಲ್ 23ರಂದು ಅವಳು ತೀರಿಕೊಂಡಳು. ರಾಲ್ಫ್ ಅರ್ಲ್ ಆಗಿದ್ದುದು ಹೆಂಡತಿಯ ಹಕ್ಕಿನಿಂದ. ಅದೇ ವರ್ಷ ಆ ಪದವಿ ಅವನ ಕೈಬಿಟ್ಟು, ಮೊದಲ ಗಂಡನಿಂದ ಹುಟ್ಟಿದ ಮಗ, ಹದಿನಾರರ ಗಿಲ್ಬರ್ಟನಿಗೆ ಹೋಯಿತು. ಕೊನೆಯ ಅಧ್ಯಾಯ ಮಲತಂದೆ ಮತ್ತು ಈ ಹುಡುಗನದಾಗಲಿ. 1290ರ ಪತ್ರದ ಅಧ್ಯಾಯ ಬರೆದಾದ ಮೇಲೆ ಮೊದಲು ಅದನ್ನೇ ಕಳಿಸು.

ಇತಿ,
ನಿನ್ನ ಹಿತೈಷಿ