ಶಾಲೆ ಪಕ್ಕದ ಕಾಡಿಗೆ ಬೇಕಿರುವುದು ಆರೈಕೆ

ಮಾನ್ಯ ಸಂಪಾದಕರೇ,

ಮೂಡಿಗೆರೆ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯ ಬೇಲಿಗೆ ಹೊಂದಿಕೊಂಡು ಎರಡು ಎಕರೆಯಷ್ಟು ಕಾಡಿದೆ. ಲಂಟಾನ ಎಂಬ ಕಳೆಪೊದೆ ಹಬ್ಬಿ ಕಾಲಿಡಲೂ ಆಗದಂತಿದ್ದ ಈ ಜಾಗವನ್ನು ಪೋಷಕರು, ಶಿಕ್ಷಕರು ಹಾಗೂ ಹಳೆಯ ವಿದ್ಯಾರ್ಥಿಗಳು ಸೇರಿ ನಾಲ್ಕು ವರ್ಷಗಳಿಂದ ಹಸನು ಮಾಡುತ್ತಿದ್ದೇವೆ. ಸಸಿ ನೆಡಲು ಸಿಗುವ ನೆರವು ನೆಟ್ಟ ನಂತರದ ಆರೈಕೆಗೆ ಸಿಗುತ್ತಿಲ್ಲ ಎಂಬುದನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ.

ಲಂಟಾನವನ್ನು ಕತ್ತಿಯಿಂದ ಸವರಿದರೆ ಒಂದೇ ಮಳೆಗೆ ಬುಡದಿಂದ ಹತ್ತಾರು ಚಿಗುರು ಒಡೆಯುತ್ತವೆ. ಮೊದಲ ವರ್ಷ ನಾವು ಹಾಗೆಯೇ ಸವರಿ ಕೈಸೋತೆವು. ಬಳಿಕ ತಾಯಿಬೇರನ್ನು ನೆಲದಿಂದ ಎರಡು ಬೆರಳು ಕೆಳಗೆ ಪಿಕಾಸಿಯಿಂದ ಕಡಿದು, ಇಡೀ ಪೊದೆಯನ್ನು ಬೇರು ಮೇಲಾಗುವಂತೆ ಮಗುಚಿ ಒಣಗಿಸತೊಡಗಿದೆವು. ಕಾಯಿ ಹಣ್ಣಾಗುವ ಮೊದಲೇ ಇದನ್ನು ಮುಗಿಸದಿದ್ದರೆ ಪಿಕಳಾರ ಹಕ್ಕಿಗಳು ಬೀಜವನ್ನು ಮತ್ತೆ ಹರಡಿಬಿಡುತ್ತವೆ. ಪೊದೆ ತೆಗೆದ ನೆಲದಲ್ಲಿ, ಬೆಳಕಿಲ್ಲದೆ ಗೇಣುದ್ದಕ್ಕೇ ನಿಂತಿದ್ದ ನೇರಳೆ, ಹೊನ್ನೆ, ಹೆಬ್ಬಲಸಿನ ಸಸಿಗಳು ಕಂಡಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಮಕ್ಕಳು ಒಂದೊಂದರ ಪಕ್ಕಕ್ಕೂ ಗೂಟ ನೆಟ್ಟು ಗುರುತು ಮಾಡಿದರು. ಹೊರಗಿನಿಂದ ತಂದು ನೆಟ್ಟ ಸಸಿಗಳಿಗಿಂತ ಇಂದು ಇವೇ ಎತ್ತರವಾಗಿವೆ.

ವನಮಹೋತ್ಸವ 1950ರಲ್ಲಿ ಆರಂಭವಾದಂದಿನಿಂದ ಜುಲೈ ತಿಂಗಳೆಂದರೆ ಗಿಡ ನೆಡುವ ತಿಂಗಳು. ಆದರೆ ನಮಗೆ ಒಮ್ಮೆ ಬಂದದ್ದು ಬರೀ ಸಿಲ್ವರ್ ಓಕ್. ಮೆಣಸಿನ ಬಳ್ಳಿ ಹಬ್ಬಿಸಲು ತೋಟಕ್ಕೆ ಅನುಕೂಲವಾದ ಈ ಆಸ್ಟ್ರೇಲಿಯಾದ ಮರ ನಮ್ಮ ಹಕ್ಕಿಗಳಿಗೆ ತಿನ್ನಲು ಹಣ್ಣು ಕೊಡುವುದಿಲ್ಲ. ಹೆಬ್ಬಲಸು, ನೇರಳೆಯ ಬೀಜಗಳನ್ನಾದರೋ ಒಣಗಿಸಿ ಕಾಪಿಡಲಾಗದು, ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಬಿತ್ತಬೇಕು. ಆದ್ದರಿಂದ ಅರಣ್ಯ ಇಲಾಖೆಯು ಶಾಲೆಗಳಿಗೆ ಸಸಿಗಳ ಜೊತೆಗೆ ಪಾಲಿಥಿನ್ ಚೀಲ, ಗೊಬ್ಬರ ಮತ್ತು ನೆರಳುಬಲೆಯನ್ನೂ ಒದಗಿಸಿದರೆ, ಸುತ್ತಲಿನ ಮರಗಳ ಬೀಜದಿಂದಲೇ ಮಕ್ಕಳು ಸಸಿ ಎಬ್ಬಿಸಬಲ್ಲರು.

ಸಸಿಗಳು ಕಳೆಯನ್ನು ಮೀರಿ ಬೆಳೆಯುವವರೆಗೆ, ಅಂದರೆ ಕನಿಷ್ಠ ಮೂರು ವರ್ಷ, ಕಳೆ ಕೀಳುವ ಕೂಲಿಯನ್ನು ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲೇ ಸೇರಿಸಬೇಕು. ಭಾನುವಾರದ ಶ್ರಮದಾನವೊಂದರಿಂದಲೇ ಇದು ಸಾಗದು. ಕಾಫಿ ಕೊಯ್ಲಿನ ದಿನಗಳಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಕಳೆದ ಮಾರ್ಚಿನಲ್ಲಿ ರಸ್ತೆ ಬದಿಯ ತರಗೆಲೆಗೆ ಬಿದ್ದ ಬೆಂಕಿ ಎರಡು ವರ್ಷದ ಸಸಿಗಳ ಒಂದಿಡೀ ಸಾಲನ್ನು ಸುಟ್ಟಿತು, ಗೂಟಗಳೂ ಉಳಿಯಲಿಲ್ಲ. ಈ ಬಾರಿ ಜನವರಿಯೊಳಗಾದರೂ ರಸ್ತೆಯುದ್ದಕ್ಕೂ ಬೆಂಕಿ ಗೆರೆ (ಬೆಂಕಿ ದಾಟದಂತೆ ತರಗೆಲೆ ತೆಗೆದ ಬರಿ ನೆಲದ ಪಟ್ಟಿ) ತೆಗೆಸಿಕೊಡಬೇಕೆಂದು ಪಂಚಾಯಿತಿ ಹಾಗೂ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಶಾಲೆಯ ಪೋಷಕರೊಬ್ಬರು, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ